ನಡೆದು ಹೋಗಿ ನೋಡಿ ಬರುತ್ತಿದ್ದವರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಪೇಟೆಗಳ ನಡುವಿನ ಊರುಗಳಿಗೆ ಪತ್ರಿಕೆ ಬರುತ್ತಿದ್ದದ್ದು ಬೆಳಗಿನ ಮೊದಲ ಬಸ್ಸಿನಲ್ಲಿ. ಆ ಊರುಗಳ ಸುದ್ದಿ ಪತ್ರಿಕೆಗೆ ಹೋಗುತ್ತಿದ್ದದ್ದು ಮಧ್ಯಾಹ್ನದ ಬಸ್ಸಿನಲ್ಲಿ. ಸಿದ್ದಕಟ್ಟೆಯಲ್ಲೋ ವೇಣೂರಿನಲ್ಲೋ ಪುಂಜಾಲಕಟ್ಟೆಯಲ್ಲೋ ಬಿಳಿ ಪಂಚೆಯವರೊಬ್ಬರು ರಸ್ತೆ ಬದಿಯಲ್ಲಿ ಕಾದು ನಿಂತಿರುತ್ತಿದ್ದರು. ಬಸ್ಸು ನಿಂತ ಕೂಡಲೇ ಅಂಟಿಸಿದ ಲಕೋಟೆಯನ್ನು ಕಂಡಕ್ಟರ ಕೈಗಿತ್ತು, "ಮರೀಬೇಡಿ ಮಾರಾಯ್ರೆ, ಇವತ್ತೇ ಮುಟ್ಟಬೇಕು" ಅನ್ನುತ್ತಿದ್ದರು. ಕಂಡಕ್ಟರು ಅದನ್ನು ಡ್ರೈವರನ ಎದುರಿನ ಗಾಜಿನ ಹತ್ತಿರ ಸಿಕ್ಕಿಸುತ್ತಿದ್ದ. ದುಡ್ಡು ಕೇಳುತ್ತಿರಲಿಲ್ಲ. ಮಂಗಳೂರು ಮುಟ್ಟಿದ ಮೇಲೆ ಪತ್ರಿಕೆಯ ಕಡೆಯ ಹುಡುಗ ಬಂದು ಒಯ್ಯುತ್ತಿದ್ದ. ಮಣಿಪಾಲಕ್ಕೆ ಹೋಗಬೇಕಾದದ್ದು ಕಾರ್ಕಳದ ದಾರಿ ಹಿಡಿಯುತ್ತಿತ್ತು.

ಲಕೋಟೆಯೊಳಗೆ ಬಹಳ ಸಲ ಇರುತ್ತಿದ್ದದ್ದು ಶಾಲಾ ವಾರ್ಷಿಕೋತ್ಸವ, ಯಕ್ಷಗಾನ ಬಯಲಾಟ, ಸೊಸೈಟಿಯ ಮಹಾಸಭೆ, ಬಸ್ಸು ಮಗುಚಿದ್ದು, ಕಾಡುಕೋಣ ನುಗ್ಗಿದ್ದು. ಆದರೆ ನಡುನಡುವೆ ಬೇರೆ ಬಗೆಯ ಒಂದು ಲಕೋಟೆ ಹೋಗುತ್ತಿತ್ತು. ಅದು ದಪ್ಪಗಿರುತ್ತಿತ್ತು. ಪಹಣಿಯ ನಕಲು, ಪಂಚಾಯಿತಿಯ ನಿರ್ಣಯದ ಪ್ರತಿ, ಸ್ಟುಡಿಯೋದಲ್ಲಿ ತೊಳೆಸಿದ ಒಂದೆರಡು ಕಪ್ಪುಬಿಳುಪು ಫೋಟೋ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆದ ಏಳೆಂಟು ಪುಟ. ಅದು ಅಚ್ಚಾದ ದಿನ ತಾಲೂಕು ಕಚೇರಿಯಲ್ಲಿ ಗುಸುಗುಸು. ನಾನು ಮರುಗುತ್ತಿರುವುದು ಈ ಎರಡನೆಯ ಲಕೋಟೆಗಾಗಿ, ಅದನ್ನು ಬರೆದವರಿಗಾಗಿ.

ಅವರಲ್ಲಿ ಹೆಚ್ಚಿನವರು ಪತ್ರಿಕೆಯ ನೌಕರರಾಗಿರಲಿಲ್ಲ. ಬಿಡಿ ಸುದ್ದಿಗಾರರು ಎಂದು ಅವರಿಗೆ ಹೆಸರು. ಒಬ್ಬರು ಪ್ರಾಥಮಿಕ ಶಾಲೆಯ ಮಾಸ್ಟ್ರು, ಇನ್ನೊಬ್ಬರು ಎರಡೆಕರೆ ಅಡಿಕೆ ತೋಟದವರು, ಮತ್ತೊಬ್ಬರು ಅಚ್ಚುಮೊಳೆ ಜೋಡಿಸುವ ಸಣ್ಣ ಪ್ರೆಸ್ಸಿನ ಯಜಮಾನರು, ಮಗದೊಬ್ಬರು ಎಲ್‌ಐಸಿ ಏಜೆಂಟರು, ಸಂಜೆಯಾದರೆ ತಾಳಮದ್ದಳೆಯ ಅರ್ಥಧಾರಿ. ಪತ್ರಿಕೆ ಕೊಡುತ್ತಿದ್ದದ್ದು ಕಾಲಂ ಸೆಂಟಿಮೀಟರಿನ ಲೆಕ್ಕದಲ್ಲಿ. ತಿಂಗಳ ಕೊನೆಗೆ ತಮ್ಮದೇ ಸುದ್ದಿಗಳನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಅಡಿಕೋಲು ಇಟ್ಟು ಅಳೆದು, ಬಿಲ್ಲು ಮಾಡಿ ಕಳಿಸಬೇಕು. ಬರುತ್ತಿದ್ದ ಮನಿಯಾರ್ಡರು ಬಸ್ಸಿನ ಖರ್ಚಿಗೂ ಚಹಾಕ್ಕೂ ಸರಿಯಾಗುತ್ತಿತ್ತು.

ಇದು ಶೋಷಣೆಯೇ. ಅದನ್ನು ಸಿಹಿ ನೆನಪಾಗಿ ಹೇಳುವುದು ಸರಿಯಲ್ಲ. ಆದರೆ ಆ ಕಡಿಮೆ ದುಡ್ಡಿನೊಳಗೆ ಒಂದು ಬಲ ಅಡಗಿತ್ತು ಎಂಬುದನ್ನು ನಾವು ಆಗ ಗಮನಿಸಲಿಲ್ಲ. ಅವರ ಮನೆಯ ಅನ್ನ ಪತ್ರಿಕೆಯಿಂದ ಬರುತ್ತಿರಲಿಲ್ಲ. ತೋಟದಿಂದ ಬರುತ್ತಿತ್ತು, ಮಾಸ್ಟ್ರಿಕೆಯಿಂದ ಬರುತ್ತಿತ್ತು. ಹಾಗಾಗಿ ಕಂಟ್ರಾಕ್ಟರು ಮುನಿದರೂ ಬರೆಯಬಹುದಿತ್ತು. ಪತ್ರಿಕೆ ಅಚ್ಚು ಹಾಕದಿದ್ದರೆ ಇನ್ನೊಂದು ಪತ್ರಿಕೆಗೆ ಕಳಿಸಬಹುದಿತ್ತು. ಇನ್ನೊಂದು ವೃತ್ತಿಯ ಆಸರೆಯಿಂದ ಪತ್ರಿಕೆ ನಡೆಸುವ ಪದ್ಧತಿ ನಮ್ಮ ಜಿಲ್ಲೆಗೆ ಹಳೆಯದು. ಬಂಟ್ವಾಳ ತಾಲೂಕಿನ ಪೆರುವಾಯಿಯಲ್ಲಿ 1904ರಲ್ಲಿ ಹುಟ್ಟಿದ ಕಡೆಂಗೋಡ್ಲು ಶಂಕರಭಟ್ಟರು ಮಂಗಳೂರಿನ ಸೈಂಟ್ ಆಗ್ನೆಸ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಲೇ 'ರಾಷ್ಟ್ರಬಂಧು' ವಾರಪತ್ರಿಕೆಯನ್ನು ಸಂಪಾದಿಸಿದರು. ಕವಿಯಾಗಿ ಅವರನ್ನು ನೆನೆಯುವವರು ಇದ್ದಾರೆ. ಸಂಪಾದಕರಾಗಿ ನೆನೆಯುವವರು ಈಗ ಕಡಿಮೆ.

ಈ ಬಿಡಿ ಸುದ್ದಿಗಾರರಿಗೆ ತನಿಖೆಯ ಪಾಠ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ಭೂ ನ್ಯಾಯಮಂಡಳಿ. 1974ರಲ್ಲಿ ದೇವರಾಜ ಅರಸರ ಸರಕಾರ ಭೂ ಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದ ಮೇಲೆ ನಮ್ಮ ಜಿಲ್ಲೆಯ ಒಕ್ಕಲುಗಳು ತಾವು ಉಳುವ ಭೂಮಿಯ ಹಕ್ಕು ಕೇಳಿ ಆ ಮಂಡಳಿಗೆ ಡಿಕ್ಲರೇಶನ್ ಕೊಡಲು ಸಾಲುಗಟ್ಟಿದರು. ಚಾಲಗೇಣಿಯವರು, ಮೂಲಗೇಣಿಯವರು, ತಲೆಮಾರುಗಳಿಂದ ಗದ್ದೆ ಮಾಡಿಯೂ ಕೈಯಲ್ಲಿ ಒಂದು ಚೀಟಿ ಇಲ್ಲದವರು. ಮಂಡಳಿಯ ಎದುರು ಒಕ್ಕಲು ಒಂದು ಹೇಳಿದರೆ ಧಣಿಯ ವಕೀಲರು ಇನ್ನೊಂದು ಹೇಳುತ್ತಿದ್ದರು. ಯಾವ ಸರ್ವೆ ನಂಬರಿನಲ್ಲಿ ಯಾರು ಉಳುತ್ತಿದ್ದರು ಎಂಬುದು ಕಾಗದದಲ್ಲಿ ಒಂದು ರೀತಿ, ನೆಲದ ಮೇಲೆ ಇನ್ನೊಂದು ರೀತಿ. ಅಲ್ಲಿ ಕೂತು ಕೇಳಿದ ವರದಿಗಾರನಿಗೆ ಪಹಣಿ ಓದಲು ಬಂತು, ಅಡಂಗಲ್ ಎಂದರೇನು, ಹಿಡುವಳಿಗೆ ತಾಗಿದ ಸರಕಾರಿ ಕುಮ್ಕಿ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದು ತಿಳಿಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಕಾಗದವನ್ನು ನಂಬುವ ಮೊದಲು ಗದ್ದೆಯ ಬದುವಿನ ಮೇಲೆ ನಿಂತು ನೋಡಬೇಕು ಎಂಬುದು ತಿಳಿಯಿತು.

ಆ ಕಾಲಕ್ಕೆ ಮಾಹಿತಿ ಹಕ್ಕು ಇರಲಿಲ್ಲ. ದೇಶಕ್ಕೆಲ್ಲ ಆ ಕಾಯಿದೆ ಬಂದದ್ದು 2005ರಲ್ಲಿ. ಅದಕ್ಕೆ ಮೊದಲು ಕಡತ ನೋಡಬೇಕಾದರೆ ಮನುಷ್ಯರ ಪರಿಚಯವೇ ದಾರಿ. ಗ್ರಾಮದ ಉಗ್ರಾಣಿ, ಕಚೇರಿಯ ಜವಾನ, ಪಂಚಾಯಿತಿಯ ಗುಮಾಸ್ತ, ವರ್ಗವಾಗಿ ಹೋಗುವ ಮುನ್ನ ಒಂದು ಒಳ್ಳೆಯ ಕೆಲಸ ಮಾಡಿ ಹೋಗಬೇಕೆಂದುಕೊಂಡ ಶಿರಸ್ತೇದಾರ. ಇವರ ಹೆಸರು ಎಂದೂ ಅಚ್ಚಾಗುತ್ತಿರಲಿಲ್ಲ. ಬಿ.ಸಿ.ರೋಡಿನ ಬಂಟ್ವಾಳ ತಾಲೂಕು ಕಚೇರಿಯ ಎದುರಿನ ಹೋಟೆಲಿನಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಸರ್ವೆ ನಂಬರು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಿತ್ತು. ಮೂಡುಬಿದಿರೆಯವರ ಪಾಡು ಇನ್ನೂ ಕಷ್ಟ. 2018ರ ತನಕ ಅದು ಪ್ರತ್ಯೇಕ ತಾಲೂಕು ಆಗಿರಲಿಲ್ಲ. ದೊಡ್ಡ ಕಡತವೊಂದನ್ನು ನೋಡಬೇಕಾದರೆ ಬಸ್ಸು ಹತ್ತಿ ದೂರದ ತಾಲೂಕು ಕೇಂದ್ರಕ್ಕೇ ಹೋಗಬೇಕು, ದಿನದ ಕೂಲಿ ಹೋದಂತೆಯೇ.

ಉದಯವಾಣಿ 1970ರ ಜನವರಿ 1ರಂದು ಮಣಿಪಾಲದಲ್ಲಿ ಶುರುವಾದ ಮೇಲೆ ಕರಾವಳಿಯ ಹಳ್ಳಿಗಳಿಗೆ ದಿನಪತ್ರಿಕೆಯೊಂದು ತಮ್ಮದು ಅನ್ನಿಸತೊಡಗಿತು. ಅದಕ್ಕೂ ಮೊದಲಿನ ನವಭಾರತವನ್ನು ಓದಿ ಬೆಳೆದ ಹಿರಿಯರು ನಮ್ಮ ಮನೆಗಳಲ್ಲಿ ಇದ್ದರು. ಆದರೆ ಹಳ್ಳಿಯ ಮೂಲೆಗೆ ವರದಿಗಾರ ಹೋಗಿಯೇ ನೋಡಬೇಕು ಎಂಬ ನಿಯಮವನ್ನು ಗಟ್ಟಿ ಮಾಡಿದ್ದು ಉದಯವಾಣಿಯ 'ಕುಗ್ರಾಮ ಗುರುತಿಸಿ' ಯೋಜನೆ. ರಸ್ತೆ, ಶಾಲೆ, ಆಸ್ಪತ್ರೆ ಯಾವುದೂ ಇಲ್ಲದ ಊರು ಯಾವುದೆಂದು ಓದುಗರೇ ತಿಳಿಸಬೇಕು. ಪತ್ರಿಕೆಯವರು ಅಲ್ಲಿಗೆ ನಡೆದು ಹೋಗಿ ಬರೆಯಬೇಕು. ಈಶ್ವರ ದೈತೋಟರ ಬರಹ, ಯಜ್ಞ ಅವರ ಫೋಟೋ. ಆ ಪುಟಗಳನ್ನು ಕಂಡ ಮೇಲೆ ಅಧಿಕಾರಿಗಳು ಜೀಪು ಹತ್ತಲೇಬೇಕಾಯಿತು, ಜೀಪು ಹೋಗದಲ್ಲಿ ಇಳಿದು ನಡೆಯಲೇಬೇಕಾಯಿತು. ಒಂದು ಪತ್ರಿಕೆ ತನ್ನ ಮಾರಾಟ ಒಂದೂ ಪ್ರತಿ ಹೆಚ್ಚಾಗದ ಊರಿಗಾಗಿ ಪುಟಗಟ್ಟಲೆ ಜಾಗ ಬಿಟ್ಟುಕೊಟ್ಟ ಕಾಲ ಅದು. ಇಂದು ಇದನ್ನು ಹೇಳಿದರೆ ಹೊಸ ಹುಡುಗರು ನಂಬುವುದಿಲ್ಲ.

ಇಷ್ಟೆಲ್ಲ ಮೆಚ್ಚಿ ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ಬಿಳಿ ಪಂಚೆಯ ಸುದ್ದಿಗಾರರಲ್ಲಿ ದೊಡ್ಡ ಪಾಲು ಓದು ಬರಹ ಮೊದಲೇ ದಕ್ಕಿದ್ದ ಜಾತಿಗಳವರು. ಕೊರಗರ ಕೊಪ್ಪದಲ್ಲಿ, ಮಲೆಕುಡಿಯರ ವಾಸದ ಗುಡ್ಡದಲ್ಲಿ, ದಲಿತರ ಕಾಲೊನಿಯಲ್ಲಿ ಏನಾಗುತ್ತಿದೆ ಎಂಬುದು ಅವರ ಲಕೋಟೆಗೆ ಅಪರೂಪಕ್ಕೆ ಸೇರುತ್ತಿತ್ತು. ಕೆಟ್ಟವರೆಂದಲ್ಲ. ಅವರು ದಿನವೂ ನಡೆಯುವ ದಾರಿ ಅಲ್ಲಿಗೆ ಹೋಗುತ್ತಿರಲಿಲ್ಲ, ಅಷ್ಟೆ.

ಈ ಕೊರತೆಯನ್ನು ಎದುರಿಗೆ ನಿಂತು ಹೇಳಿದವರು ವಡ್ಡರ್ಸೆ ರಘುರಾಮ ಶೆಟ್ಟರು. ಕೋಟದ ಹತ್ತಿರದ ವಡ್ಡರ್ಸೆಯವರು. ಬೆಂಗಳೂರಿನಲ್ಲಿ ಪ್ರಜಾವಾಣಿಯ ವರದಿಗಾರರಾಗಿ ರಾಜಕಾರಣದ ಒಳಹೊರಗನ್ನು ಬಲ್ಲವರಾಗಿದ್ದರು. ಅಲ್ಲಿಯೇ ಇದ್ದಿದ್ದರೆ ನೆಮ್ಮದಿಯಾಗಿ ನಿವೃತ್ತರಾಗಬಹುದಿತ್ತು. ಅದನ್ನು ಬಿಟ್ಟು ಊರಿಗೆ ಬಂದು 1984ರಲ್ಲಿ ಮಂಗಳೂರಿನಲ್ಲಿ 'ಮುಂಗಾರು' ದಿನಪತ್ರಿಕೆ ಶುರು ಮಾಡಿದರು. ಬಂಡವಾಳ ಕೊಟ್ಟದ್ದು ಯಾವ ಉದ್ಯಮಿಯೂ ಅಲ್ಲ, ಸಣ್ಣ ಸಣ್ಣ ಷೇರು ಕೊಂಡ ಓದುಗರು. ಮಾಸ್ಟ್ರುಗಳು, ಬ್ಯಾಂಕಿನ ಗುಮಾಸ್ತರು, ಹಳ್ಳಿಯ ಅಂಗಡಿಯವರು ಷೇರು ಪತ್ರವನ್ನು ಜೋಪಾನ ಮಾಡಿ ಇಟ್ಟುಕೊಂಡದ್ದನ್ನು ನಾನು ಕಂಡಿದ್ದೇನೆ. ಅವರಲ್ಲಿ ಯಾರೂ ಅದರಿಂದ ಲಾಭ ಬರುತ್ತದೆಂದು ನಂಬಿದವರಲ್ಲ. ತಮ್ಮ ಮಾತು ಅಚ್ಚಾಗುವ ಜಾಗವೊಂದು ಇರಲಿ ಎಂದು ಕೊಟ್ಟದ್ದು.

ಮುಂಗಾರಿನ ಕಚೇರಿಯೊಳಗೆ ಬಂದ ತರುಣರು ಬೇರೆಯೇ ಮನೆಗಳಿಂದ ಬಂದವರು. ದಲಿತರು, ಹಿಂದುಳಿದವರು, ಮುಸ್ಲಿಮರು, ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಿದ ಮೊದಲ ತಲೆಮಾರು. ಇಂದೂಧರ ಹೊನ್ನಾಪುರ, ಎನ್.ಎಸ್. ಶಂಕರ್ ಅಂಥವರು ಅಲ್ಲಿ ದುಡಿದರು. ದಿನೇಶ್ ಅಮೀನ್ ಮಟ್ಟು ಅವರ ಪತ್ರಿಕಾ ಬದುಕು ಶುರುವಾದದ್ದೂ ಅಲ್ಲೇ. ಯಾವ ಸುದ್ದಿ ಮುಖ್ಯ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆಯನ್ನು ಅವರು ಕೇಳಿದರು. ಹಾಗೆ ಕೇಳಿದ್ದರಿಂದ ನಮ್ಮ ಮೂರು ಪೇಟೆಗಳ ಸುದ್ದಿಯ ನಕ್ಷೆಯೇ ಬದಲಾಯಿತು. ಅಲ್ಲಿಯವರೆಗೆ ಪತ್ರಿಕೆಯಲ್ಲಿ ಹೆಸರೇ ಬರದಿದ್ದ ಗುಡ್ಡೆ, ಕಾಲೊನಿಗಳ ಹೆಸರು ಅಚ್ಚಿನಲ್ಲಿ ಕಂಡವು. ದುಡ್ಡಿನ ಮುಗ್ಗಟ್ಟು ಮುಂಗಾರನ್ನು ಬಹಳ ವರ್ಷ ಬಾಳಗೊಡಲಿಲ್ಲ. ನನ್ನ ತೀರ್ಪು ಕೇಳಿದರೆ, ಕರಾವಳಿಯ ಪತ್ರಿಕೋದ್ಯಮದಲ್ಲಿ ಅದಕ್ಕಿಂತ ದೊಡ್ಡ ಪ್ರಯತ್ನ ಆಮೇಲೆ ನಡೆದಿಲ್ಲ.

ಸುಮಾರು ಅದೇ ಕಾಲಕ್ಕೆ ಸುಳ್ಯದಲ್ಲಿ ಡಾ. ಯು.ಪಿ. ಶಿವಾನಂದರು 'ಸುದ್ದಿ ಬಿಡುಗಡೆ' ತಂದರು. ಬೆಳ್ತಂಗಡಿಗೂ ಅದರದೇ ಆವೃತ್ತಿ ಬಂತು. ಯಾವ ಕಚೇರಿಯಲ್ಲಿ ಯಾವ ಕೆಲಸಕ್ಕೆ ಲಂಚ ನಡೆಯುತ್ತದೆ ಎಂಬುದನ್ನು ವಾರಪತ್ರಿಕೆಯೊಂದು ಆಂದೋಲನವಾಗಿ ಎತ್ತಿಕೊಂಡದ್ದು ತಾಲೂಕು ಮಟ್ಟದಲ್ಲಿ ಸಣ್ಣ ಸಂಗತಿಯಲ್ಲ. ಪುತ್ತೂರಿನಿಂದ 1988ರಲ್ಲಿ 'ಅಡಿಕೆ ಪತ್ರಿಕೆ' ಹೊರಟಿತು. ಕೃಷಿಕರ ಕೈಗೇ ಲೇಖನಿ ಕೊಡುವುದು ಅದರ ನಿಲುವು. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಮುಖ್ಯರಾದ ಶ್ರೀಪಡ್ರೆಯವರ ಹೆಸರು ಹೇಳಿದ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆ ಹೇಳಲೇಬೇಕು. ನಮ್ಮ ಭಾಗದಲ್ಲಿ ಒಬ್ಬ ಬರಹಗಾರನ ಕಣ್ಣು ಏನು ಮಾಡಬಲ್ಲದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಸಾಕ್ಷಿ ಅದು.

ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಕ್ಕೆ ಟೀ ಸೊಳ್ಳೆಯ ಕಾಟ ಎಂದು ಹೆಲಿಕಾಪ್ಟರಿನಿಂದ ಆ ಮದ್ದು ಸಿಂಪಡಿಸುತ್ತಿದ್ದರು. ಊರಿನ ಹಟ್ಟಿಯಲ್ಲಿ ಕಾಲು ತಿರುಚಿದ ಕರುಗಳು ಹುಟ್ಟಿದ್ದನ್ನು ಶ್ರೀಪಡ್ರೆ ಗಮನಿಸಿದರು. ಗುಡ್ಡದ ಮೇಲಿನ ಮದ್ದಿಗೂ ಕೆಳಗೆ ಗುಡ್ಡ ಕೊರೆದು ಪಡೆಯುವ ಸುರಂಗದ ನೀರಿಗೂ ಸಂಬಂಧ ಇರಬಹುದೇ ಎಂದು ಕೇಳಿದರು. ಅದನ್ನು ಅವರು ಬರೆದದ್ದು 1979ರ ಹೊತ್ತಿಗೆ. ಆಮೇಲೆ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳ ಮನೆಗಳನ್ನು ಗುರುತು ಹಾಕಿಕೊಂಡರು. ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿದ್ದು 2011ರ ಮೇ 13ರಂದು. ಮೊದಲ ಬರಹಕ್ಕೂ ಆ ಆದೇಶಕ್ಕೂ ನಡುವೆ ಮೂವತ್ತು ವರ್ಷಕ್ಕೂ ಮಿಕ್ಕಿದ ಕಾಲ. ಒಂದು ಸುದ್ದಿಯನ್ನು ಅಷ್ಟು ಕಾಲ ಬಿಡದೆ ಹಿಡಿದಿರುವುದೆಂದರೆ ಏನೆಂದು ಯೋಚಿಸಿ.

ಗಡಿಯ ಈಚೆಗೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರುಗುಡ್ಡೆಗಳ ಮೇಲೂ ಅದೇ ಮದ್ದು ಬಿದ್ದಿತ್ತು. ಇಲ್ಲಿಯದು ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟ. ಹೆಲಿಕಾಪ್ಟರು ಬಂದಾಗ ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆಯೆತ್ತಿ ನೋಡುತ್ತಿದ್ದರು ಎಂದು ಆ ಊರಿನ ತಾಯಂದಿರು ಇಂದಿಗೂ ಹೇಳುತ್ತಾರೆ. ಎದ್ದು ನಡೆಯಲಾಗದ, ಮಾತು ಬಾರದ, ಇಪ್ಪತ್ತು ದಾಟಿದರೂ ತಾಯಿಯೇ ತುತ್ತಿಡಬೇಕಾದ ಮಕ್ಕಳು ಮನೆಯೊಳಗೆ ಇದ್ದರು. ಊರಿನವರು ಅದನ್ನು ದೈವದ ಮುನಿಸು, ನಾಗದೋಷ ಎಂದುಕೊಂಡು ಒಳಗೇ ನುಂಗಿಕೊಂಡಿದ್ದರು. ಕಾಸರಗೋಡಿನ ವರದಿಗಳನ್ನು ಓದಿದ ಮೇಲೆ ಇಲ್ಲಿಯ ಸುದ್ದಿಗಾರರು ಕೊಕ್ಕಡದ ಮನೆಮನೆಗೆ ಹೋದರು. ಒಂದು ಮನೆಯ ನೋವು ಎಂದು ಎಲ್ಲರೂ ತಿಳಿದದ್ದು ಒಂದು ಗುಡ್ಡೆಯ ಸುತ್ತಲಿನ ಎಲ್ಲ ಮನೆಗಳ ನೋವು ಎಂದು ತೋರಿಸಿದರು. ಊರವರು ಹೋರಾಟ ಸಮಿತಿ ಕಟ್ಟಿದರು. ಸರಕಾರ ಮೊದಲು ಐವತ್ತು ಸಾವಿರ ರೂಪಾಯಿಯ ಪರಿಹಾರ ಘೋಷಿಸಿತು, ಆಮೇಲೆ ಮಾಸಾಶನ ಬಂತು, ಕೊಕ್ಕಡ ಮತ್ತು ಕೊಯಿಲದಲ್ಲಿ ಈ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರಗಳು ಬಂದವು. ಹೈಕೋರ್ಟೂ ಕೈಹಾಕಿತು. ಪ್ರತಿ ಹಂತದಲ್ಲೂ ತಾಲೂಕಿನ ವರದಿಗಾರರು ಮತ್ತೆ ಮತ್ತೆ ಬರೆಯಬೇಕಾಯಿತು: ಪಟ್ಟಿಯಲ್ಲಿ ಇಂಥ ಮನೆ ಬಿಟ್ಟುಹೋಗಿದೆ, ಮಾಸಾಶನ ನಿಂತಿದೆ, ವೈದ್ಯರ ಸರ್ಟಿಫಿಕೇಟು ಇಲ್ಲವೆಂದು ಹೆಸರು ಕೈಬಿಟ್ಟಿದ್ದಾರೆ. ಇವು ಮುಖಪುಟದ ಸುದ್ದಿಗಳಲ್ಲ. ಒಳಪುಟದ ಕೆಳಮೂಲೆಯಲ್ಲಿ ನಾಲ್ಕು ಬೆರಳು ಅಗಲದ ಸುದ್ದಿಗಳು. ಆದರೆ ಬಿಟ್ಟುಹೋದ ಹೆಸರು ಪಟ್ಟಿಗೆ ಸೇರಿದ್ದು ಅವುಗಳಿಂದಲೇ.

ಮೂಡುಬಿದಿರೆಯ ಬಳಿಯ ನಿಡ್ಡೋಡಿಯಲ್ಲೂ ಇಂಥದ್ದೇ ನಡೆಯಿತು. 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂಬ ಸುದ್ದಿ 2013ರ ಹೊತ್ತಿಗೆ ಊರನ್ನು ನಡುಗಿಸಿತು. ಅಲ್ಲಿಯ ಗದ್ದೆ, ಅಡಿಕೆ ತೋಟ, ಮನೆಗಳ ನಡುವೆ ಓಡಾಡಿ, ಎಲ್ಲೂರಿನ ಉಷ್ಣ ಸ್ಥಾವರದ ಸುತ್ತಲಿನ ಊರುಗಳನ್ನೂ ನೋಡಿ ಬಂದು ಬರೆದವರು ಸ್ಥಳೀಯ ಸುದ್ದಿಗಾರರು. ಹೋರಾಡಿದವರು ಊರಿನವರು, ಅದರ ಪೂರ್ತಿ ಶ್ರೇಯ ಅವರದೇ. ಸ್ಥಾವರ ಅಲ್ಲಿಗೆ ಬರಲಿಲ್ಲ.

ಇನ್ನು ಕುತ್ಲೂರಿನ ಮಾತು. ನಾರಾವಿಯಿಂದ ಮೇಲಕ್ಕೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸೇರಿಕೊಂಡ ಬೆಳ್ತಂಗಡಿ ತಾಲೂಕಿನ ಗ್ರಾಮ ಅದು. ಉದ್ಯಾನದ ನಿಯಮ ಎಂದು ರಸ್ತೆ ಇರಲಿಲ್ಲ, ಕರೆಂಟು ಇರಲಿಲ್ಲ, ಬಿಟ್ಟು ಹೋಗಿ ಎಂಬ ಒತ್ತಡ ಬೇರೆ. ನಕ್ಸಲರ ಹುಡುಕಾಟ ಶುರುವಾದ ಮೇಲೆ ಮಲೆಕುಡಿಯರ ಅಂಗಳಗಳಿಗೆ ಪೊಲೀಸರ ಬೂಟುಗಳೂ ಬಂದವು. ಆ ಊರಿನ ಹುಡುಗ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಹೋಗಿ ಪತ್ರಿಕೋದ್ಯಮ ಓದುತ್ತಿದ್ದರು. 2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ದಳ ಅವರನ್ನೂ ಅವರ ತಂದೆಯನ್ನೂ ಬಂಧಿಸಿತು. ಯುಎಪಿಎ ಕಾಯಿದೆಯಡಿ ಮೊಕದ್ದಮೆ ಹಾಕಿದರು. ಮನೆಯಲ್ಲಿ ಸಿಕ್ಕಿದ ವಸ್ತುಗಳ ಪಟ್ಟಿಯಲ್ಲಿ ಇದ್ದದ್ದು ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಕರ್ಯ ಕೊಡುವವರೆಗೆ ಚುನಾವಣೆ ಬಹಿಷ್ಕರಿಸುತ್ತೇವೆ ಎಂಬ ಪತ್ರ. ಪತ್ರಿಕೋದ್ಯಮದ ವಿದ್ಯಾರ್ಥಿಯ ಮನೆಯಲ್ಲಿ ಪತ್ರಿಕೆಯ ತುಣುಕು ಇರುವುದು ಅಪರಾಧದ ಸಾಕ್ಷಿಯಾಗಿ ಕೋರ್ಟಿಗೆ ಹೋಯಿತು. ಜೈಲಿನಿಂದ ಅವರನ್ನು ಪರೀಕ್ಷೆಗೆ ಕರೆತಂದಾಗ ಕೈಗೆ ಕೋಳ ಇತ್ತು. ಆ ಫೋಟೋ ಪತ್ರಿಕೆಗಳಲ್ಲಿ ಬಂದ ದಿನ ಜಿಲ್ಲೆಯ ಎಷ್ಟೋ ಹಿರಿಯ ವರದಿಗಾರರು ಮಾತಾಡಲಾಗದೆ ಕೂತದ್ದು ನನಗೆ ಗೊತ್ತು.

ಜಾಮೀನು ಸಿಕ್ಕಿತು. ಮೊಕದ್ದಮೆ ನಡೆಯುತ್ತಲೇ ಇತ್ತು. ಆ ನಡುವೆಯೇ ಅವರು ಓದು ಮುಗಿಸಿದರು, ಮುಂದೆ ಪ್ರಜಾವಾಣಿಯಲ್ಲಿ ಪತ್ರಕರ್ತರಾದರು. 2021ರ ಅಕ್ಟೋಬರ್ 21ರಂದು ಮಂಗಳೂರಿನ ಜಿಲ್ಲಾ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಖುಲಾಸೆಗೊಳಿಸಿತು. ಒಂಬತ್ತೂವರೆ ವರ್ಷಗಳ ಮೇಲೆ.

ವಡ್ಡರ್ಸೆಯವರು 1984ರಲ್ಲಿ ಕೇಳಿದ ಪ್ರಶ್ನೆಗೆ ಕುತ್ಲೂರಿನ ಈ ಮಗ ಉತ್ತರವಾಗಿ ಬಂದರು ಎಂದು ನಾನು ತಿಳಿದಿದ್ದೇನೆ. ಯಾರ ಬಗ್ಗೆ ಬೇರೆಯವರು ಬರೆಯಬೇಕಾಗಿತ್ತೋ, ಆ ಮನೆಯಿಂದಲೇ ಬರೆಯುವವರು ಬಂದರು. ನನ್ನ ಸಂಕಟ ಇರುವುದು ಇಲ್ಲಿ. ಕೊಪ್ಪದ, ಕಾಲೊನಿಯ, ಮಲೆಯ ಮಕ್ಕಳು ಲೇಖನಿ ಹಿಡಿದು ಬಾಗಿಲಿಗೆ ಬಂದ ಹೊತ್ತಿಗೆ ಪತ್ರಿಕೆಯೊಳಗೆ ಅವರಿಗೆ ಬರೆಯುವ ಜಾಗವೇ ಕುಗ್ಗುತ್ತಿದೆ. ಮೊದಲು ಜಾಗವಿತ್ತು, ಅವರನ್ನು ಒಳಗೆ ಬಿಡಲಿಲ್ಲ. ಈಗ ಒಳಗೆ ಬರಬಹುದು, ಜಾಗ ಉಳಿದಿಲ್ಲ.

ಹೇಗೆ ಉಳಿಯಲಿಲ್ಲ? ಯಾರೋ ಒಬ್ಬರು ಬಂದು ಮುಚ್ಚಿದ್ದಲ್ಲ. ಮೊದಲು ಫ್ಯಾಕ್ಸ್ ಬಂತು, ಆಮೇಲೆ ಇಮೇಲ್, ಆಮೇಲೆ ವಾಟ್ಸ್‌ಆಪ್. ಸುದ್ದಿ ಬೇಗ ಮುಟ್ಟುವುದು ಒಳ್ಳೆಯದೇ. ಆದರೆ ಲಕೋಟೆಯ ಕಾಲದಲ್ಲಿ ಮಧ್ಯಾಹ್ನದ ಬಸ್ಸು ತಪ್ಪಿದರೆ ನಾಳೆಯ ಬಸ್ಸು ಎಂಬ ಸಮಾಧಾನವಿತ್ತು. ಆ ಒಂದು ದಿನದಲ್ಲಿ ಇನ್ನೊಂದು ಮನೆಗೆ ಹೋಗಿ ಕೇಳಬಹುದಿತ್ತು. ಈಗ ಹತ್ತು ನಿಮಿಷದಲ್ಲಿ ವೆಬ್‌ಸೈಟಿಗೆ ಹಾಕಬೇಕು. ಸಭೆ ನಡೆಸಿದವರೇ ಸುದ್ದಿ ಬರೆದು, ಫೋಟೋ ಸಮೇತ ಗ್ರೂಪಿಗೆ ಹಾಕುತ್ತಾರೆ. ಐದು ಪತ್ರಿಕೆಗಳಲ್ಲಿ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು.

ಅದಕ್ಕಿಂತ ಕೆಟ್ಟದ್ದು ಜಾಹೀರಾತಿನ ಟಾರ್ಗೆಟ್. ತಾಲೂಕಿನ ವರದಿಗಾರ ಈಗ ದೀಪಾವಳಿ ವಿಶೇಷಾಂಕಕ್ಕೆ, ಬ್ರಹ್ಮಕಲಶದ ಪುರವಣಿಗೆ, ಶಾಸಕರ ಹುಟ್ಟುಹಬ್ಬದ ಪುಟಕ್ಕೆ ಇಷ್ಟು ಲಕ್ಷ ಎಂದು ಜಾಹೀರಾತು ತರಬೇಕು. ಕೊಡುವವರು ಯಾರು? ಕೆಂಪುಕಲ್ಲಿನ ಕೋರೆಯವರು, ಮರಳಿನವರು, ಕಂಟ್ರಾಕ್ಟರರು, ಸಹಕಾರಿ ಸಂಘದವರು, ಶಿಕ್ಷಣ ಸಂಸ್ಥೆಯವರು, ರಾಜಕಾರಣಿಗಳು. ಬೆಳಿಗ್ಗೆ ಯಾರ ಕಚೇರಿಯಲ್ಲಿ ಕೈಯೊಡ್ಡಿ ಕೂತನೋ ಸಂಜೆ ಅವರ ಕಡತ ಬಿಡಿಸಿ ನೋಡಲು ಯಾರಿಂದ ಸಾಧ್ಯ? ಹಳೆಯ ಮಾಸ್ಟ್ರು ವರದಿಗಾರರಿಗೆ ಪತ್ರಿಕೆ ಕೊಡುತ್ತಿದ್ದದ್ದು ಕಡಿಮೆ, ಆದರೆ ಅವರಿಂದ ಇದನ್ನು ಕೇಳುತ್ತಿರಲಿಲ್ಲ. ಇಂದಿನ ಹುಡುಗನಿಗೆ ತೋಟವಿಲ್ಲ, ಮಾಸ್ಟ್ರಿಕೆಯಿಲ್ಲ, ಪತ್ರಿಕೆಯ ಸಂಬಳವೂ ಸಾಲದು. ಅವನ ಮೇಲೆ ನಾನು ತಪ್ಪು ಹೊರಿಸಲಾರೆ. ಕಡತ ಬಿಡಿಸುವ ಎದೆಗಾರಿಕೆ ಅವನಲ್ಲೂ ಇದೆ. ಅದಕ್ಕೆ ಬೆನ್ನು ಕೊಡುವ ಪತ್ರಿಕೆ ಇಲ್ಲ. ಮಾನನಷ್ಟ ಮೊಕದ್ದಮೆ ಬಿದ್ದರೆ ವಕೀಲರ ಫೀಸು ಅವನದೇ, ರಾತ್ರಿ ಫೋನಿನಲ್ಲಿ ಬೆದರಿಕೆ ಬಂದರೆ ಧೈರ್ಯ ಹೇಳಬೇಕಾದವಳು ಅವನ ಹೆಂಡತಿ.

2020ರ ಕೊರೋನಾ ಉಳಿದದ್ದನ್ನು ಮುಗಿಸಿತು. ಪುಟಗಳು ಕಡಿಮೆಯಾದವು, ತಾಲೂಕು ಸುದ್ದಿಯ ಜಾಗ ಅರ್ಧಕ್ಕಿಳಿಯಿತು, ಹಲವರನ್ನು ಮನೆಗೆ ಕಳಿಸಿದರು. ಪತ್ರಿಕೆ ನಿಲ್ಲಿಸಿದ ಮನೆಗಳು ಮತ್ತೆ ಶುರು ಮಾಡಲಿಲ್ಲ. ಈಗ ಬಂಟ್ವಾಳದ ಒಬ್ಬ ವರದಿಗಾರ ಎರಡು ಮೂರು ತಾಲೂಕು ನೋಡಿಕೊಳ್ಳುವುದುಂಟು. ಅಂಥವನಿಗೆ ಕೊಕ್ಕಡದಲ್ಲಿ ಹತ್ತು ಮನೆ ಸುತ್ತುವ ಪುರುಸೊತ್ತು ಎಲ್ಲಿದೆ?

ಪೂರ್ತಿ ಸತ್ತಿಲ್ಲ ಎಂಬುದನ್ನೂ ಹೇಳಬೇಕು. ದಕ್ಷಿಣ ಕನ್ನಡ ಜಿಲ್ಲಾ ಕಾರ್ಯನಿರತ ಪತ್ರಕರ್ತರ ಸಂಘದವರು ಕುತ್ಲೂರಿಗೇ ಹೋಗಿ ಗ್ರಾಮ ವಾಸ್ತವ್ಯ ಮಾಡಿದರು, ಅಧಿಕಾರಿಗಳನ್ನು ಅಲ್ಲಿಗೆ ಕರೆಸಿ ಊರವರ ಎದುರು ಕೂರಿಸಿದರು. 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆ ಅದೇ ಕುತ್ಲೂರನ್ನು ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮವೆಂದು ಆರಿಸಿತು. ಒಳ್ಳೆಯದೇ. ಆದರೆ ಅಲ್ಲಿಗೆ ಬರುವ ಪ್ರವಾಸಿಗರಿಂದ ಮಲೆಕುಡಿಯರ ಮನೆಗೆ ಎಷ್ಟು ಬರುತ್ತದೆ, ಅರಣ್ಯ ಹಕ್ಕಿನ ಅರ್ಜಿಗಳು ಏನಾದವು, ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳು ಹೊಳೆಯನ್ನು ಹೇಗೆ ದಾಟುತ್ತಾರೆ ಎಂಬುದನ್ನು ಒಂದು ರಾತ್ರಿಯ ವಾಸ್ತವ್ಯದಿಂದ ತಿಳಿಯಲಾಗದು. ವರ್ಷಕ್ಕೆ ನಾಲ್ಕು ಸಲ ಗುಡ್ಡ ಹತ್ತುವ ಒಬ್ಬ ವರದಿಗಾರ ಬೇಕು.

ಹಳೆಯ ಸುದ್ದಿಗಾರರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಅಂಟಿಸಿದ ಕಟಿಂಗ್ ಪುಸ್ತಕಗಳು, ಡೈರಿಗಳು, ಸರ್ವೆ ನಂಬರು ಗೀಚಿದ ಚೀಟಿಗಳು ಮನೆ ದುರಸ್ತಿಯ ಸಮಯಕ್ಕೆ ಗುಜರಿಗೆ ಹೋಗುತ್ತಿವೆ. ನವಭಾರತದ, ಮುಂಗಾರಿನ ಸಂಚಿಕೆಗಳನ್ನು ಹುಡುಕಿದವರಿಗೆ ಅದರ ಕಷ್ಟ ಗೊತ್ತು. ಭೂ ನ್ಯಾಯಮಂಡಳಿಯ ದಿನಗಳಲ್ಲಿ ನಮ್ಮ ಮೂರು ಪೇಟೆಗಳಲ್ಲಿ ಏನೇನಾಯಿತು ಎಂಬುದರ ದಾಖಲೆ ಸರಕಾರಿ ಕಡತದಲ್ಲಿ ಇರುವುದಕ್ಕಿಂತ ಹೆಚ್ಚು ಆ ಕಟಿಂಗುಗಳಲ್ಲಿ ಇದೆ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ತಂದೆಯೋ ಮಾವನೋ ಚಿಕ್ಕಪ್ಪನೋ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದವರಾದರೆ ಅಟ್ಟದ ಮೇಲಿನ ಆ ಕಟ್ಟನ್ನು ತೂಕಕ್ಕೆ ಹಾಕಬೇಡಿ. ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ, ಅವರು ತೆಗೆದುಕೊಳ್ಳದಿದ್ದರೆ ಪತ್ರಕರ್ತರ ಸಂಘಕ್ಕೆ ಕೊಡಿ. ಮನೆಗೆ ಒಂದು ಪತ್ರಿಕೆ ದುಡ್ಡು ಕೊಟ್ಟು ತರಿಸಿ. ನಿಮ್ಮ ಪಂಚಾಯಿತಿಯಲ್ಲಿ ನಡೆಯಬಾರದ್ದು ನಡೆದರೆ ಅದನ್ನು ಗ್ರೂಪಿಗೆ ಹಾಕಿ ಸುಮ್ಮನಾಗಬೇಡಿ, ಕಾಗದದ ಪ್ರತಿ ಮಾಡಿಸಿ ನಿಮ್ಮ ಊರಿನ ವರದಿಗಾರನ ಕೈಗೆ ಕೊಡಿ, ಅವನ ಮೇಲೆ ಕೇಸು ಬಿದ್ದ ದಿನ ಕೋರ್ಟಿನ ಜಗಲಿಯಲ್ಲಿ ಅವನ ಜೊತೆಗೆ ಹೋಗಿ ನಿಲ್ಲಿ.